ಹೊಸ ಮೆಮರಿ ಮತ್ತು ಶೈಲಾಬಾಯಿಯ ನೇರ ಮಾತು

ಪರದೆಯ ಮೇಲಿನ ಬಾಣ ಮತ್ತೆ ನಿಂತುಬಿಟ್ಟಿತು. ಮೌಸ್ ಎಷ್ಟು ಎಳೆದಾಡಿದರೂ ಅಲುಗಲಿಲ್ಲ. ಅಂಕೋಲೆಯ ನಮ್ಮ ಮನೆಯಲ್ಲೇ ಟೈಪಿಂಗ್ ಮಾಡಿಕೊಡುತ್ತಿದ್ದ ನಾನು, ಬೆಳಗಿನಿಂದ ಹೊಡೆದ ಪುಟಗಳೆಲ್ಲ ಹೋದವೆಂದು ತಲೆಯ ಮೇಲೆ ಕೈಹೊತ್ತು ಕುಳಿತೆ. ಮರುದಿನವೇ ಒಪ್ಪಿಸಬೇಕಾದ ಪ್ರಬಂಧಕ್ಕಾಗಿ ಕಾಲೇಜು ಹುಡುಗಿಯೊಬ್ಬಳು ಎದುರಿಗೇ ಕಾಯುತ್ತಿದ್ದಳು.

“ಎಂತಾ ಒತ್ತಿದ್ಯೆ ನೀನು? ಹೊಸಾ ಮೆಮರಿ ಹಾಕ್ಸಿ ಒಂದ್ ವಾರ ಆಗ್ಲಿಲ್ಲ!” ಎಂದು ನನ್ನ ಗಂಡ ಅವಳೆದುರೇ ಗದರಿದರು.

ಯಂತ್ರ ಚುರುಕಾಗಲೆಂದು ಆ ಮೆಮರಿ ಚಿಪ್ ಹಾಕಿಕೊಟ್ಟಿದ್ದವರು ಕಾರವಾರದ ಕಂಪ್ಯೂಟರ್ ಅಂಗಡಿಯ ಒಡತಿ ಶೈಲಾಬಾಯಿ. ಫೋನ್ ಮಾಡಿದ್ದೇ ತಡ, ಮಧ್ಯಾಹ್ನದ ಬಸ್ಸಿಗೆ ತಾವೇ ಬಂದರು. ಸಿಪಿಯು ಬಿಚ್ಚಿ, ಹೊಸ ಮೆಮರಿ ತೆಗೆದು, ಹಳೆಯದೊಂದನ್ನೇ ಇಟ್ಟು ನೋಡಿದರು. ಕಂಪ್ಯೂಟರ್ ಸರಾಗವಾಗಿ ನಡೆಯಿತು. ಅದೇ ಜಾಗದಲ್ಲಿ ಹೊಸದನ್ನು ಮಾತ್ರ ಹಾಕಿದರು; ಸ್ವಲ್ಪ ಹೊತ್ತಿನಲ್ಲೇ ನಿಂತಿತು. ವೈರಸ್ ಎಂದಿದ್ದರೂ ನಾವು ನಂಬಿಬಿಡುತ್ತಿದ್ದೆವು. ಆದರೆ ಅವರು ನನ್ನ ಗಂಡನ ಕಡೆ ತಿರುಗಿ, “ಅಕ್ಕ ಏನೂ ಮಾಡ್ಲಿಲ್ಲ ಅಣ್ಣಾ. ನಾ ಹಾಕಿದ್ದೇ ಕೆಟ್ಟದು. ಸಮಾ ನೋಡದೇ ಕೊಟ್ಟಿದ್ದು ನನ್ ತಪ್ಪು,” ಎಂದರು.

ಗಂಡ ಒಳಗೆ ಹೋಗಿ ತಾವೇ ಚಹಾ ಮಾಡಿ ತಂದರು, ನನಗೂ ಒಂದು ಲೋಟ. ಚಹಾ ಕುಡಿದ ಮೇಲೂ ಶೈಲಾಬಾಯಿ ಹೊರಡಲಿಲ್ಲ. ತಾವು ತಂದಿದ್ದ ಬೇರೆ ಮೆಮರಿ ಕೂಡಿಸಿ, ನನ್ನ ಪಕ್ಕದಲ್ಲೇ ಕುಳಿತು ಹುಡುಗಿಯ ಕೈಬರಹ ಓದಿ ಹೇಳುತ್ತಾ ಹೋದರು. ನಾನು ಹೊಡೆಯುತ್ತಾ ಹೋದೆ. ಕೊನೆಯ ಹಾಳೆ ಪ್ರಿಂಟರಿನಿಂದ ಹೊರಬಂದ ಮೇಲೆಯೇ ಅವರು ಬಸ್ಸಿಗೆ ಎದ್ದದ್ದು.

ಗಿರಾಕಿಯೆದುರು ನನ್ನ ತಪ್ಪು ಒಪ್ಪಿಕೊಳ್ಳಲು ಇಂದಿಗೂ ನಾಲಿಗೆ ತಡವರಿಸುತ್ತದೆ. ಆಗ ಶೈಲಾಬಾಯಿ ನೆನಪಾಗುತ್ತಾರೆ. ಹೇಳಿಬಿಡುತ್ತೇನೆ.