ಪೆಟ್ಟಿಗೆಯೊಳಗೆ ತಲೆದಿಂಬಿನ ಹತ್ತಿ

ಬೋಳಾರದ ಅಪೊಲೋನಿಯಾಬಾಯಿ ಉಪ್ಪಿನಕಾಯಿ ಮಾರಿ ಮಗಳನ್ನು ಓದಿಸಿದ ಹೆಂಗಸು. ಗಂಡ ಜೋನ್ ಬೊಂಬಾಯಿಯ ಬ್ಯಾಂಡಿನವನು. ಆಳೆತ್ತರದ ಬಾಸ್ ಪಿಟೀಲನ್ನು ಅಪ್ಪಿ ಹಿಡಿದು ನಿಂತು ಬಾರಿಸುವುದು ಅವನ ಕೆಲಸ. ರಜೆಗೆ ಬರುವಾಗ ಹಡಗಿನಲ್ಲಿ ಅದನ್ನೂ ತರುತ್ತಿದ್ದ. ಅವನು ಚಾವಡಿಯಲ್ಲಿ ಅಭ್ಯಾಸ ಮಾಡಿದರೆ ಇವಳು ಒಳಗೆ ಮೀನು ಕೊಯ್ಯುತ್ತಾ ಕೇಳುವಳು.

ಎಳವೆಯಲ್ಲಿ ಹಂಚಿನ ಕಾರ್ಖಾನೆಯ ಯಂತ್ರ ಅವನ ಎಡಗೈಯ ಉಂಗುರ ಬೆರಳಿನ ತುದಿ ತಿಂದಿತ್ತು. ಅದಕ್ಕೇ ಒಂದು ತಗ್ಗು ಸ್ವರಕ್ಕೆ ಆ ಬೆರಳು ನೇರ ಹೋಗಿ ಕೂರದು. ಸ್ವಲ್ಪ ಕೆಳಗೆ ತಾಗಿ, ಉಜ್ಜಿಕೊಂಡು ಮೇಲೆ ಹತ್ತುವುದು. ಆ ಉಜ್ಜು ಕೇಳಿದರೆ ಅವಳಿಗೆ ಜೋನ್ ಮನೆಯಲ್ಲಿದ್ದಾನೆ ಎಂದು ಅರ್ಥ.

ಕೊನೆಯ ಸಲ ಬಂದಾಗ ಒಂದು ರೆಕಾರ್ಡ್ ತಂದಿದ್ದ. "ಪೊಲ್ಲೂ, ಇದರಲ್ಲಿ ಅಡಿಯಲ್ಲಿ ಕೇಳುವುದು ನಾನೇ. ನಾನು ಬೊಂಬಾಯಿಗೆ ಹೋದರೂ ನಿನಗೆ ಕೇಳ್ತದೆ" ಎಂದು ಹೆಂಡತಿಗೆ ಹೇಳಿದ್ದ. ಪಕ್ಕದ ಮನೆಯ ಕೀ ಕೊಡುವ ಗ್ರಾಮೊಫೋನಿನಲ್ಲಿ ಹಾಕಿದರೆ ಸೊಳ್ಳೆಯ ಹಾಗೆ ಹಾಡು ಕೇಳಿತು, ಬಾಸ್ ಇಲ್ಲವೇ ಇಲ್ಲ. ಮರುವರ್ಷ ಜೋನ್ ಬೊಂಬಾಯಿಯಲ್ಲೇ ಜ್ವರದಲ್ಲಿ ತೀರಿಕೊಂಡ. ಇವರಿಗೆ ತಂತಿ ಬರುವಾಗ ಮಣ್ಣು ಮಾಡಿಯೂ ಆಗಿತ್ತು. ಅವಳಿಗೆ ಉಳಿದದ್ದು ಆ ರೆಕಾರ್ಡ್, ಅವನ ತಲೆದಿಂಬು.

ಅರುವತ್ತೆರಡನೆಯ ಇಸವಿಯಲ್ಲಿ ನರ್ಸ್ ಆಗಿದ್ದ ಮಗಳು ತೆರೆಸಾ ಕರೆಂಟಿನ ಪ್ಲೇಯರ್, ಸ್ಪೀಕರ್ ತಂದಳು. ಸ್ಪೀಕರಿನದ್ದು ತೆಳ್ಳಗಿನ ಹಲಗೆಯ ಪೆಟ್ಟಿಗೆ. ಬಾಸ್ ಬಂತು, ಆದರೆ ಎಲ್ಲ ಸ್ವರ ಒಂದಕ್ಕೊಂದು ಅಂಟಿ ಗುಂಯ್ ಎಂದು ಒಂದೇ ಗದ್ದಲ. ಅಪೊಲೋನಿಯಾಬಾಯಿ ಪೆಟ್ಟಿಗೆಗೆ ಅಂಗೈ ಒತ್ತಿ ಕೂರುವಳು. ಇದ್ದಾನೆ, ಒಳಗೆ ಎಲ್ಲಿಯೋ ಇದ್ದಾನೆ. ಆ ಬೆರಳು ಒಂದು ಸಲ ಕೇಳಿದರೆ ಸಾಕಿತ್ತು.

ಎದುರು ಮನೆಯ ಚೆನ್ನಪ್ಪ ದೋಣಿ ಕಟ್ಟುವವನು. "ಮದ್ದಳೆಗೆ ಹಲಸು ಅಲ್ವಾ ಬಾಯಮ್ಮ? ಇದಕ್ಕೂ ಹಲಸೇ ಆಗ್ಬೇಕು" ಎಂದು ಹಲಸಿನ ಹಲಗೆಯ ದೊಡ್ಡ ಪೆಟ್ಟಿಗೆ ಮಾಡಿ ತಂದ. ಸ್ಪೀಕರನ್ನು ಅದರಲ್ಲಿ ಕೂರಿಸಿದರೆ ಗದ್ದಲ ಇಮ್ಮಡಿ ಆಯಿತು.

"ಎಂತ ಮಾರಾಯ, ಸಿಡಿಲು ತುಂಬಿಸಿ ತಂದಿದ್ದೀಯಾ?" ಎಂದು ತೆರೆಸಾ ನಕ್ಕಳು.

ಚೆನ್ನಪ್ಪನಿಗೆ ಅವಮಾನವಾಯಿತು. ಪೆಟ್ಟಿಗೆಯ ಸುತ್ತ ಕೈಯಾಡಿಸುತ್ತಾ ಕೂತ. "ತಪ್ಪಿದ್ದು ನಾನೇ. ಮದ್ದಳೆಯಲ್ಲಿ ಮರವೂ ಹಾಡಬೇಕು. ಇಲ್ಲಿ ಮರ ಬಾಯಿ ಮುಚ್ಚಿ ಕೂರಬೇಕು. ಸಂದಿಯಲ್ಲಿ ಗಾಳಿಯೂ ಹೋಗ್ತಾ ಉಂಟು."

ಹಳೆ ದೋಣಿಯ ದಪ್ಪ ಹಲಗೆ ತಂದು ಬೇರೆ ಪೆಟ್ಟಿಗೆ ಕಟ್ಟಿದ. ದೋಣಿಗೆ ಮಾಡುವ ಹಾಗೆಯೇ ಸಂದಿಗೆಲ್ಲ ಎಣ್ಣೆಯಲ್ಲಿ ನೆನೆಸಿದ ಹತ್ತಿ ಹೊಡೆದ. "ಗದ್ದಲ ಹೀರುವ ಹಾಗೆ ಒಳಗೆ ತುಂಬಿಸಲಿಕ್ಕೆ ಮೆತ್ತಗಿನದ್ದು ಎಂತಾದರೂ ಉಂಟಾ?" ಅಪೊಲೋನಿಯಾಬಾಯಿ ಜೋನನ ತಲೆದಿಂಬಿನ ಹೊಲಿಗೆ ಬಿಚ್ಚಿ ಹತ್ತಿ ಕೊಟ್ಟಳು.

ಆ ಆದಿತ್ಯವಾರ ಪೂಜೆ ಮುಗಿಸಿ ಬಂದು ರೆಕಾರ್ಡ್ ಹಾಕಿದರು. ನೆಲದ ಅಡಿಯಿಂದ ಬಂದ ಹಾಗೆ ಬಾಸ್ ಬಂತು. ಒಂದೊಂದು ಸ್ವರವೂ ಬಂದು ಮುಟ್ಟಿ, ಅಲ್ಲಿಗೇ ನಿಂತಿತು. ಅವಳು ಪೆಟ್ಟಿಗೆಗೆ ಅಂಗೈ ಒತ್ತಿದಳು. ಆ ತಗ್ಗು ಸ್ವರ ಬಂತು. ನೇರ ಬಂತು, ಬಾವಿಗೆ ಕೊಡ ಬಿದ್ದ ಹಾಗೆ. ಮತ್ತೊಮ್ಮೆ ಬಂತು. ಉಜ್ಜು ಇಲ್ಲ. ಬಾರಿಸಿದವನಿಗೆ ಬೆರಳೆಲ್ಲ ಸರಿಯಾಗಿದ್ದವು.

ಮೊಂಡು ಬೆರಳು ಬೇಡ ಎಂದು ರೆಕಾರ್ಡಿನವರು ಅವನನ್ನು ಹೊರಗೆ ಕೂರಿಸಿದರೋ ಏನೋ. ಪಿಟೀಲನ್ನು ಮಗುವಿನ ಹಾಗೆ ತಬ್ಬಿ ಮೆಟ್ಟಿಲಲ್ಲಿ ಕೂತ ಜೋನ್ ಅವಳ ಕಣ್ಣಿಗೆ ಕಟ್ಟಿದ. ಹೆಂಡತಿಯ ಹತ್ತಿರ ಹೇಳಲಿಕ್ಕೂ ನಾಚಿದನಲ್ಲ, ಪಾಪ.

"ಜೋನ್ ಪೊರ್ಬುಗಳ ಕೈಯೇ ಅಲ್ವಾ ಬಾಯಮ್ಮ?" ಚೆನ್ನಪ್ಪನ ಮುಖ ಅರಳಿತ್ತು.

"ಹೌದು. ಅವರದ್ದೇ." ಪೆಟ್ಟಿಗೆಯಿಂದ ಕೈ ತೆಗೆದು ಕೇಳಿದಳು, "ಆ ಹಲಸಿನ ಪೆಟ್ಟಿಗೆ ಉಂಟಾ ಚೆನ್ನಪ್ಪ?"

"ಅದಾ? ಕೋಳಿಗೂಡು ಮಾಡಿದ್ದೇನೆ. ಯಾಕೆ?"

"ಸುಮ್ಮನೆ." ಆ ಗದ್ದಲದಲ್ಲಾದರೂ ಅವನು ಇದ್ದ.

ಸಂಜೆ ತೆರೆಸಾ ಆಸ್ಪತ್ರೆಗೆ ಹೋದ ಮೇಲೆ ಅವಳು ಪೆಟ್ಟಿಗೆಯ ಹಿಂದಿನ ಹಲಗೆ ಬಿಚ್ಚಿದಳು. ಹತ್ತಿಯನ್ನೆಲ್ಲ ಬಾಚಿ ತೆಗೆದು ತಲೆದಿಂಬಿನ ಹಳೆಯ ಚೀಲಕ್ಕೆ ತುಂಬಿ, ಬಾಯಿ ಹೊಲಿದು, ಅದರ ಮೇಲೆ ಕೆನ್ನೆಯಿಟ್ಟು ಮಲಗಿದಳು. ಎಣ್ಣೆಯ ವಾಸನೆ ಬರುತ್ತಿತ್ತು, ದೋಣಿಯದ್ದು.