ಪುಸ್ತಕದಲ್ಲಿಲ್ಲದ ಕೋಟು

ಹೋದ ತಿಂಗಳು ತೀರಿಕೊಂಡ ಸಿಂಪಿಗರ ವಾಮನನ ಅಂಗಡಿ ಆಳಂದದ ಬಜಾರಿನಲ್ಲಿತ್ತು. ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಸಂಜೆಯಾದರೆ ಅಲ್ಲಿಗೆ ಬಟ್ಟೆ ಹೊಲಿಸುವವರಿಗಿಂತ ಕಥೆ ಕೇಳುವವರೇ ಹೆಚ್ಚು ಬರುತ್ತಿದ್ದರು. ಸೊಲ್ಲಾಪುರದಿಂದ ಪೊಲೀಸರ ಕಣ್ಣು ತಪ್ಪಿಸಿ ಬಟ್ಟೆಯ ಗಂಟಿನಲ್ಲಿ ಅಡಗಿಸಿ ತಂದ ಮರಾಠಿ ಕಾದಂಬರಿಯನ್ನು ತೊಡೆಯ ಮೇಲಿಟ್ಟುಕೊಂಡು ಅವನು ಅದನ್ನು ಕನ್ನಡದಲ್ಲಿ ಹೇಳುತ್ತಿದ್ದ. ಜೊತೆಗಾರ ಕರೀಮಸಾಬ ಗುಂಡಿ ತೂರಿಸುವ ಕಾಜ ಹೊಲಿಯುತ್ತ ಕೇಳುತ್ತಿದ್ದ.

ಆ ವರ್ಷದ ಕಾದಂಬರಿಯ ನಾಯಕ ದೇಶವನ್ನು ಪರರ ಆಳ್ವಿಕೆಯಿಂದ ಬಿಡಿಸಲು ಹೊರಟವನು. ಮುಂಬಯಿಯಲ್ಲಿ ಗಿರಣಿ, ಬಂಗಲೆ, ಮೋಟಾರು ಎಲ್ಲ ಆಗಿ ದೇಶವನ್ನೇ ಮರೆಯುತ್ತಾನೆ. ಕೊನೆಗೆ ಎಲ್ಲ ಬಿಟ್ಟು ಸೆರೆಮನೆ ಸೇರುತ್ತಾನೆ. ಆ ಕೊನೆಯ ಪ್ರಕರಣ ಕೇಳುವವರ ಎದೆಗೆ ನಾಟಬೇಕು ಎಂಬುದೊಂದೇ ವಾಮನನ ಆಸೆ.

ಒಂದು ಸಂಜೆ, ಕಥೆ ಇನ್ನೂ ಬಂಗಲೆಯಲ್ಲಿರುವಾಗಲೇ, ಕಾಳುಕಡಿ ಮಾರಿಸುವ ಅಡತಿ ಅಂಗಡಿಯ ಸಾಹುಕಾರ ಜಗದೇವಪ್ಪ ನಡುವೆ ಬಾಯಿ ಹಾಕಿದ.

"ವಾಮನಾ, ಮಗಳ ಮದಿವಿಗಿ ನನಗ ಕಥಿಯಾಗಿನ ನಾಯಕನ ಆ ಕೋಟ ಬೇಕು ನೋಡು. ಮಖಮಲ್ ಕಾಲರ್, ಬೆಳ್ಳಿ ಗುಂಡಿ, ಒಳಗ ಕೆಂಪು ರೇಶ್ಮಿ."

ವಾಮನ ಪುಟ ನೋಡಿದ. 'ಅವನು ಒಳ್ಳೆಯ ಕೋಟು ತೊಟ್ಟಿದ್ದ' ಎಂದಷ್ಟೇ ಇತ್ತು. ಮಿಕ್ಕಿದ್ದೆಲ್ಲ ದಿನಕ್ಕೊಂದಿಷ್ಟು ಅವನೇ ಸೇರಿಸಿದ್ದು. ಹದಿನೈದು ವರ್ಷ ಬರೀ ಅಂಗಿ, ಪಾಯಿಜಾಮ ಹೊಲಿದ ಕೈ ಅದು. ಕಥೆ ಹೇಳುವಾಗ ದೇಶದ ಮಾತು ಬಂದಲ್ಲಿ ಓಡಿದ್ದ, ಕೋಟು ಬಂದಲ್ಲಿ ನಿಂತಿದ್ದ.

"ಸಾವ್ಕಾರ್ರ, ಆ ಕೋಟ ಪುಸ್ತಕದಾಗ ಇಲ್ರಿ. ನಾನ ಕಟ್ಟಿ ಹೇಳೀನ್ರಿ."

"ನನಗ ಮೊದಲ ಗೊತ್ತಿತ್ತಲೇ," ಎಂದ ಕರೀಮಸಾಬ, ಸೂಜಿಯಿಂದ ಕಣ್ಣು ಎತ್ತದೆ. "ಬರ್ಯಾವಗೇನು ಗೊತ್ತು, ಅದಕ್ಕ ಐದು ಕಾಜ ಅಂತ!"

ಎಲ್ಲರೂ ಗೊಳ್ಳೆಂದು ನಕ್ಕರು. "ಮತ್ತ ಛಲೋನೇ ಆತಲ್ಲ," ಎಂದು ಜಗದೇವಪ್ಪ ಎದ್ದು ನಿಂತು ಕೈ ಚಾಚಿದ. "ಕಟ್ಟಿದಾಂವ ಇಲ್ಲೇ ಅದಾನ. ಹಿಡಿ ಅಳತಿ!"

ವಾಮನ ಖುಷಿಯಲ್ಲಿ ಒಂದೊಂದು ಅಳತೆಯನ್ನೂ ಎರಡೆರಡು ಸಲ ಟೇಪಿನಲ್ಲಿ ಹಿಡಿದ. ಕಥೆಯ ನಾಯಕನಂತೆ ತಾನೂ ದೇಶ ಮರೆತೆನೆನಿಸಿ ಆ ಖುಷಿಗೆ ಅವನಿಗೇ ನಾಚಿಕೆಯಾಯಿತು.

ಕೋಟು ಹೊಲಿದ. ಅಷ್ಟು ಚೆಂದದ ಕೋಟು ಆಳಂದದಲ್ಲಿ ಬೇರೆ ಯಾರ ಮೈಮೇಲೂ ಇರಲಿಲ್ಲ. ಮದುವೆ ಮುಗಿದ ಮೇಲೆ ಕೊನೆಯ ಪ್ರಕರಣ ತೆಗೆದ. ಈ ಸಲ ಬರೆದದ್ದನ್ನಷ್ಟೇ ಹೇಳಿದ. ಕಥೆ ಸಪ್ಪಗಾಯಿತೆಂದು ಕೆಲವರು ಎದ್ದು ಹೋದರು. ಜಗದೇವಪ್ಪ ಕೂತಿದ್ದ. ನಾಯಕ ಸೆರೆಮನೆಯ ಬಾಗಿಲಿಗೆ ಬಂದಾಗ ಕಣ್ಣೊರೆಸಿಕೊಂಡು ಕೇಳಿದ:

"ಆಗ ಅವನ ಮೈಮ್ಯಾಲ ಏನಿತ್ತೋ?"

"ಬರ್ದಿಲ್ರಿ," ಎಂದು ವಾಮನ ಪುಟ ತಿರುವಿದ.