ಟೇಲರ್ ಕಾಕಾ ಹೊಲಿದ ಕಾರ್ಟೂನ್ ಕೋಟು

ಇವತ್ತು ಬೆಳಿಗ್ಗೆ ಎಂದಿನ ಹಾಗೆ ಹಾಲು ಕಾಯಿಸಿಟ್ಟು, ರೊಟ್ಟಿ ಬಡಿದು, ಮನೆಯವರ ಆಫೀಸಿನ ಅಂಗಿಗೆ ಇಸ್ತ್ರಿ ಹಾಕುತ್ತಿದ್ದೆ. ಹೊಸ ಅಂಗಿ. ಕಾಲರಿನ ಮೇಲೆ ನೀರು ಚಿಮುಕಿಸಿ ಒತ್ತಿದಾಗ ಗಟ್ಟಿ ನಿಲ್ಲಲೆಂದು ಒಳಗಿಟ್ಟ ಬಕ್ರಂ ಬಟ್ಟೆ ಬಿಸಿಯಾಗಿ, ಗಂಜಿಯೂ ಅಂಟೂ ಬೆರೆತಂಥ ವಾಸನೆ ಎದ್ದಿತು. ಲಿಂಗಸುಗೂರಿನಲ್ಲಿ ನಮ್ಮ ಓಣಿಯ ತುದಿಗಿದ್ದ ಟೇಲರ್ ಕಾಕಾನ ಅಂಗಡಿಯ ವಾಸನೆ ಅದು... ಎಷ್ಟು ವರ್ಷವಾಗಿತ್ತೋ.

“ಮಮ್ಮಿ, ಲಗೂನ ರೆಡಿ ಆಗು. ಇವತ್ತ ಸಿನಿಮಾದ್ದು ಕಡೀ ದಿನ,” ಎಂದು ಮಗಳು ಒಳಗಿನಿಂದ ಕೂಗಿದಳು.

ಅವಳು ವರ್ಷಗಟ್ಟಲೆ ಮೊಬೈಲಿನಲ್ಲಿ ನೋಡಿ ಬಾಯಿಪಾಠ ಮಾಡಿಕೊಂಡಿರುವ ಜಪಾನಿನ ಅನಿಮೆಯೊಂದಿದೆ. ಅದನ್ನು ಕಾರ್ಟೂನು ಅಂದರೆ ಅವಳಿಗೆ ಸಿಟ್ಟು ಬರುತ್ತದೆ. ಅದನ್ನೀಗ ನಿಜವಾದ ನಟರನ್ನು ಹಾಕಿ ಸಿನಿಮಾ ಮಾಡಿದ್ದಾರೆ. ಹಿಂದಿ ಡಬ್ಬಿಂಗ್, ನಮ್ಮ ಸಿಂಧನೂರಿನ ಟಾಕೀಸಿನಲ್ಲಿ ದಿನಕ್ಕೊಂದೇ ಆಟ. ಅವಳ ಜೊತೆಗೆ ಬರುವ ಗೆಳತಿಯರಿಲ್ಲದ್ದಕ್ಕೆ ನಾನೇ ಹೋದೆ.

ಬಾಲ್ಕನಿಯಲ್ಲಿ ನಾವಿಬ್ಬರು, ಹಿಂದಿನ ಸಾಲಿನಲ್ಲಿ ಒಂದಷ್ಟು ಕಾಲೇಜು ಹುಡುಗರು. ತಲೆಯ ತುಂಬ ನೆಟ್ಟಗೆ ನಿಂತ ನೀಲಿ ಕೂದಲಿನ ನಾಯಕ ಪರದೆಯ ಮೇಲೆ ಬಂದದ್ದೇ ತಡ, “ತಲಿ ಮ್ಯಾಲ ಕಸಬರಗಿ ಹೊತ್ಕೊಂಡು ಬಂದಾನ ನೋಡಲೇ!” ಎಂದನೊಬ್ಬ. ಕೆಳಗಿನವರೂ ನಕ್ಕರು. ಮಗಳು ನಗಲಿಲ್ಲ. ಇಂಟರ್ವಲ್‌ನಲ್ಲಿ ದೀಪ ಹತ್ತಿದಾಗ ಅವಳ ಕಣ್ಣು ಕೆಂಪಾಗಿತ್ತು.

“ಎಲ್ಲಾ ಕೆಡಿಸ್ಯಾರ, ಮಮ್ಮಿ.”

ಅದೇ ಮಾತನ್ನು ಚಿಕ್ಕವಳಿದ್ದಾಗ ನಾನೂ ಒಬ್ಬರಿಗೆ ಅಂದಿದ್ದೆ, ಅವರ ಮುಖ ನೋಡಿಯೇ.

ಆಗ ನಾನು ಕಾನ್ವೆಂಟಿನಲ್ಲಿ ನಾಲ್ಕನೇ ಕ್ಲಾಸು. ಭಾನುವಾರ ಬೆಳಿಗ್ಗೆ ಟಿ.ವಿ.ಯಲ್ಲಿ ಜಪಾನಿನದೇ ಒಂದು ಕಾರ್ಟೂನು ಬರುತ್ತಿತ್ತು. ಗಡಿಯಾರ ರಿಪೇರಿ ಮಾಡುತ್ತ ಊರೂರು ತಿರುಗುವ ಹುಡುಗಿಯ ಕಥೆ. ಅವಳಿಗೊಂದು ಕೆಂಪು ಕೋಟು. ಭುಜದ ಮೇಲೆ ಎರಡು ಚೂಪು ಮೂಲೆ, ಎಲೆಯ ತುದಿಯ ಹಾಗೆ. ಶಾಲೆಯ ಗ್ಯಾದರಿಂಗಿನಲ್ಲಿ, ಅಂದರೆ ವಾರ್ಷಿಕೋತ್ಸವದಲ್ಲಿ, ವೇಷ ಹಾಕುವುದಿತ್ತು. ನಾನು ಅವಳೇ ಆಗಬೇಕೆಂದು ಹಟ ಹಿಡಿದೆ.

ಟೇಲರ್ ಕಾಕಾ ಆ ಕಾರ್ಟೂನು ನೋಡಿದವರಲ್ಲ. ಅದಕ್ಕೇ ಎರಡು ಭಾನುವಾರ ನಮ್ಮ ಮನೆಗೆ ಬಂದು, ಕೊರಳಲ್ಲಿ ಟೇಪು ಹಾಕಿಕೊಂಡು, ಬಾಗಿಲ ಹತ್ತಿರ ಕೂತು ನೋಡಿದರು. ಒಮ್ಮೆಯಂತೂ ಎದ್ದು ಹೋಗಿ ಟಿ.ವಿ.ಯ ಗಾಜಿಗೇ ಟೇಪು ಹಿಡಿದರು.

“ಅಕ್ಕಾರ, ಈ ಕೂಸಿಗೆ ಸೊಂಟನ ಇಲ್ಲಲ್ರೀ! ಉಂಡದ್ದು ಎಲ್ಲಿ ಹೋಗ್ತದ?” ಎಂದಾಗ ಅವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ನನಗೆ ನಗು ಬರಲಿಲ್ಲ. ಚಿತ್ರದಲ್ಲಿದ್ದ ಹಾಗೇ ಬಿಗಿಯಾಗಿರಬೇಕು ಎಂದೆ.

“ಚಿತ್ರದಾಗಿನ ಹುಡುಗಿಗೆ ಉಸಿರು ಬೇಕಾಗಂಗಿಲ್ಲ ಯವ್ವಾ. ನಿನಗ ಬೇಕಲ್ಲ.”

ಸೊಂಟದಲ್ಲಿ ಸಡಿಲ ಬಿಟ್ಟರು. ಮುಂದಿನ ವರ್ಷಕ್ಕೂ ಬರಲೆಂದು ಒಳಗೆ ಎರಡು ಬೆರಳು ಬಟ್ಟೆ ಮಡಚಿದರು. ಭುಜದ ಮೂಲೆಗಳಿಗೆ ಬಕ್ರಂ ಇಟ್ಟು, ಎದ್ದು ನಿಲ್ಲುವವರೆಗೆ ಮತ್ತೆ ಮತ್ತೆ ಇಸ್ತ್ರಿ ಒತ್ತಿದರು.

ಸ್ಟೇಜಿನ ದೀಪದ ಕೆಳಗೆ ನಾನು ಹೋಗಿ ನಿಂತೆ. ಪೆಂಡಾಲಿನ ನಡುವಿನಿಂದ ಯಾರೋ, “ಬ್ಯಾಂಡ್ ಕಂಪನಿ ಬಂತು, ಮದಿವಿ ಯಾರದ್ರಲೇ?” ಎಂದು ಒದರಿದರು. ಸಿಸ್ಟರುಗಳೂ ನಕ್ಕರು... ಹೇಳಬೇಕಾಗಿದ್ದ ಎರಡು ಸಾಲು ನನಗೆ ಮರೆತೇ ಹೋಯಿತು.

ಕೆಳಗಿಳಿದರೆ ಎದುರಿಗೆ ಟೇಲರ್ ಕಾಕಾ. ಅಂಗಡಿ ಮುಚ್ಚಿ ಬಂದಿದ್ದರು. ಎಲ್ಲಾದರೂ ಹೊಲಿಗೆ ಬಿಚ್ಚೀತೆಂದು ಅಂಗಿಯ ಕಾಲರಿಗೆ ದಾರ ಪೋಣಿಸಿದ ಸೂಜಿ ಚುಚ್ಚಿಕೊಂಡಿದ್ದರು. ನನ್ನ ಗೆಳತಿಯರು, ಅವರ ತಾಯಂದಿರು ಎಲ್ಲ ಸುತ್ತಲೂ ನಿಂತಿದ್ದಾಗಲೇ ನಾನು ಕೋಟು ಬಿಚ್ಚಿ ನೆಲಕ್ಕೆಸೆದೆ. “ಎಲ್ಲಾ ನೀವ ಕೆಡಿಸಿದ್ರಿ. ನಿಮಗ ಹೊಲಿಯಾಕ ಬರಂಗಿಲ್ಲ.”

ಅವರು ಬಗ್ಗಿ ಕೋಟು ಎತ್ತಿ ಮಣ್ಣು ಝಾಡಿಸಿದರು. ಆಮೇಲೆ ನನ್ನ ಕುತ್ತಿಗೆಯ ಹತ್ತಿರ ನೋಡಿ, “ಪಿನ್ನು ಗಿನ್ನು ಚುಚ್ಚಿಲ್ಲಲ್ಲ ಯವ್ವಾ?” ಎಂದು ಕೇಳಿದರು. ಅಷ್ಟೇ.

ತಪ್ಪಾತು ಅಂದು ಬಾ ಎಂದು ಅವ್ವ ದಿನಾ ಕಳಿಸುತ್ತಿದ್ದಳು. ನಾನು ಅಂಗಡಿಯ ತಿರುವಿನ ತನಕ ಹೋಗಿ ವಾಪಸು ಬರುತ್ತಿದ್ದೆ. ಮದುವೆಯಾದ ಮೇಲೆ ಒಮ್ಮೆ ತವರಿನಿಂದ ಬರುವಾಗ ಮಸ್ಕಿಯ ಬಸ್‌ಸ್ಟ್ಯಾಂಡಿನಲ್ಲಿ ಕಾಕಾ ಕಂಡರು, ಚಹಾ ಆರಿಸುತ್ತ ನಿಂತಿದ್ದರು. ಕಿಟಕಿಯಿಂದ ಕೈಯೆತ್ತಿ ಕರೆಯುವಷ್ಟರಲ್ಲಿ ಬಸ್ಸು ಹೊರಟಿತು. ಇಳಿಯಬಹುದಿತ್ತು... ಮರುವರ್ಷ ಅವರು ತೀರಿಹೋದರೆಂದು ಅವ್ವ ಫೋನಿನಲ್ಲಿ ಹೇಳಿದಳು. ಎಷ್ಟೋ ಗಿರಾಕಿಗಳನ್ನು ಕಂಡ ಮನುಷ್ಯ, ಒಂದು ಹುಡುಗಿಯ ಸಿಡುಕನ್ನು ಅವತ್ತೇ ಮರೆತಿರಬೇಕು ಎಂದು ಅಂದುಕೊಂಡೆ. ಹಾಗಂದುಕೊಂಡೇ ಇಷ್ಟು ವರ್ಷ ಕಳೆದೆ.

ಇಂಟರ್ವಲ್ ಮುಗಿದ ಮೇಲೆ ನಾನು ಕಥೆ ನೋಡಲಿಲ್ಲ, ನಾಯಕನ ಕೋಟನ್ನೇ ನೋಡಿದೆ. ಕತ್ತಿಯೆತ್ತಿದಾಗ ಹರಿಯಬಾರದೆಂದು ಕಂಕುಳಲ್ಲಿ ಒಂದು ತುಂಡು ಬಟ್ಟೆ ಸೇರಿಸಿದ್ದರು, ಅದೇ ಬಣ್ಣದ್ದು. ಯಾರೋ ಆ ನಟನ ಕೈಯ ಬಗ್ಗೆ ಯೋಚಿಸಿದ್ದರು. ಮನೆಗೆ ಬರುವಾಗ ಆಟೋದಲ್ಲಿ ಮಗಳಿಗೆ ಟೇಲರ್ ಕಾಕಾನ ಕಥೆಯನ್ನೆಲ್ಲ ಹೇಳಿದೆ. ಅವಳು ಕೇಳಿದ್ದು ಒಂದೇ: “ಆಮ್ಯಾಲ ಸಾರಿ ಅಂದ್ಯಾ?”

ಇಲ್ಲ ಎಂದೆ.

ಸಂಜೆ ಎದುರುಮನೆಯ ಅಕ್ಕ ಕಟ್ಟೆಯ ಮೇಲೆ ಪುಂಡಿಪಲ್ಯದ ಸೊಪ್ಪು ಬಿಡಿಸುತ್ತ ಕೂತಿದ್ದರು. ಅವರ ತವರೂ ಲಿಂಗಸುಗೂರೇ, ನಮ್ಮ ಹಿಂದಿನ ಓಣಿ. ನಾನೂ ಹೋಗಿ ಒಂದು ಕಟ್ಟು ಬಿಚ್ಚಿಕೊಂಡೆ. ಟೇಲರ್ ಕಾಕಾನ ನೆನಪಿದೆಯೇ ಎಂದು ಕೇಳಿದೆ.

“ಐತಲ್ರೀ. ಕೈ ಭಾಳ ಚೊಲೊ ಇತ್ತು, ಆದ್ರ ಹಟಮಾರಿ ಮನಶ್ಯಾ,” ಎಂದರು ಅವರು, ಕೈಯಲ್ಲಿನ ಸೊಪ್ಪಿನಿಂದ ಕಣ್ಣೆತ್ತದೆ. “ಕಡೀಕಡೀಗೆ ಗ್ಯಾದರಿಂಗ್ ಡ್ರೆಸ್ ಅಂದ್ರ ಸಾಕು, ಒಲ್ಲೆ ಅಂತಿದ್ದ. ಮಕ್ಕಳು ಅಳ್ತಾವ್ರೀ, ಬ್ಯಾಡ ಅಂತಿದ್ದ. ನಮ್ಮ ತಂಗೀದು ರೆಕ್ಕಿ ಇರೋ ಒಂದು ಪರೀ ಡ್ರೆಸ್ ಹೊಲಿಸಾಕ ನಮ್ಮಪ್ಪ ರಾಯಚೂರಿಗೆ ಅಡ್ಡಾಡಿ ಸಾಕಾಗಿದ್ದ ನೋಡ್ರಿ.”